ಒಂದೇ ರ‍್ಯಾಮ್, ಎರಡು ವಿಳಾಸ

ಪ್ರಶ್ನೆ: ಊರು ವಾಡಿ. 8085 ಹಾಕಿ ಮನೆಯಲ್ಲೇ ಕಂಪ್ಯೂಟರ್ ಕಟ್ಟುತ್ತಿದ್ದೇನೆ. ಹೆಕ್ಸ್ 2000ದಲ್ಲಿ ಬರೆದದ್ದು 6000ದಲ್ಲೂ ಕಾಣುತ್ತದೆ. 6264 ರ‍್ಯಾಮ್ ಕೆಟ್ಟಿದೆಯೇ?

ಉತ್ತರ: ಹೊಸ ರ‍್ಯಾಮ್ ಕೊಳ್ಳಬೇಡಿ. ಆ ಎರಡು ವಿಳಾಸಗಳ ನಡುವೆ ವ್ಯತ್ಯಾಸ ಎ14 ಒಂದೇ. ಅದು ನಿಮ್ಮ ವಿಳಾಸ ಡಿಕೋಡರ್ ಚಿಪ್ಪಾದ 74ಎಲ್‌ಎಸ್138ಕ್ಕೆ ತಲುಪುತ್ತಿಲ್ಲ. ಕರೆಂಟ್ ತೆಗೆದು, 8085ರ 27ನೇ ಪಿನ್‌ನಿಂದ 138ರ 2ನೇ ಪಿನ್‌ಗೆ ಸಂಪರ್ಕವಿದೆಯೇ ಎಂದು ಮಲ್ಟಿಮೀಟರ್‌ನಲ್ಲಿ ನೋಡಿ. ಬಹುಶಃ ಆ 2ನೇ ಪಿನ್ ಗ್ರೌಂಡಿಗೆ ತಗುಲಿದೆ. ಸುಮ್ಮನೆ ತೆರೆದಿದ್ದರೆ ಚಿಪ್ ಅದನ್ನು 1 ಎಂದೇ ಓದುತ್ತಿತ್ತು. ಆಗ 0000ದ ಎಪ್ರಾಮ್ ಆಯ್ಕೆಯಾಗದೆ ಯಂತ್ರ ಶುರುವಾಗುತ್ತಲೇ ಇರಲಿಲ್ಲ. ಎ13 1ನೇ ಪಿನ್‌ಗೆ, ಎ15 3ಕ್ಕೆ. ಐಒ/ಎಂ 4ನೇ ಪಿನ್‌ಗೆ ಬರಲೇಬೇಕು, ಇಲ್ಲವಾದರೆ ಔಟ್ ಆದೇಶವೂ ರ‍್ಯಾಮ್ ಕೆಡಿಸೀತು. ನಿಮ್ಮೂರಿನ ಸಿಮೆಂಟ್ ದೂಳಿಗೆ ಬೋರ್ಡ್ ಮುಚ್ಚಿಡಿ.

ದೋಷ ಸಿಗದಿದ್ದರೆ ಕಲಬುರಗಿಯ ಯಾವುದಾದರೂ ಎಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಕೇಳಿ. 230 ವೋಲ್ಟ್ ಕಡೆಯ ಕೆಲಸ ಎಲೆಕ್ಟ್ರಿಷಿಯನ್‌ಗೇ ಬಿಡಿ.