ಎತ್ತಿದ ಭಾರ ನಿಂತಿರುವುದು ಎಣ್ಣೆಯ ಮೇಲೆ

ಬೆಳಿಗ್ಗೆ ಟ್ರ್ಯಾಕ್ಟರ್ ಹೊರಡಿಸುವ ಮುಂಚೆ ನೀವು ಡೀಸೆಲ್ ನೋಡುತ್ತೀರಿ, ರೇಡಿಯೇಟರಿಗೆ ನೀರು ಹಾಕುತ್ತೀರಿ, ಟೈರಿಗೆ ಒಂದು ಒದೆ ಕೊಟ್ಟು ಗಾಳಿ ಇದೆಯೋ ಇಲ್ಲವೋ ನೋಡುತ್ತೀರಿ. ಒಳ್ಳೆಯದೇ. ಹಿಂದಿನ ಲಿಫ್ಟ್ ಕಡೆಗೆ ಮಾತ್ರ ಯಾರೂ ಕಣ್ಣು ಹಾಯಿಸುವುದಿಲ್ಲ. ಅದು ಕಲ್ಟಿವೇಟರ್ ಎತ್ತುವುದಿಲ್ಲ ಎಂದು ಮುಷ್ಕರ ಹೂಡುವುದು ಮಳೆ ಬಿದ್ದು ಹದ ಬಂದ ದಿನವೇ. ಆಗ ಮೆಕ್ಯಾನಿಕ್‌ಗೆ ಫೋನಿನ ಮೇಲೆ ಫೋನು. ಅವನೂ ಆವತ್ತು ಊರಿಗೆಲ್ಲ ಬೇಕಾದವನು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಈ ಅಭ್ಯಾಸ ಬಿಡಿ. ಲಿಫ್ಟ್ ಎತ್ತುವ ಹೈಡ್ರಾಲಿಕ್ ಹೇಗೆ ಕೆಲಸ ಮಾಡುತ್ತದೆ ಅಂತ ಒಂದು ಸಲ ಮನಸ್ಸಿಗೆ ಹತ್ತಿದರೆ ಅದನ್ನು ಕಾಪಾಡಿಕೊಳ್ಳುವುದು ದೊಡ್ಡ ವಿಷಯವಲ್ಲ.

ಎಂಜಿನ್ ಓಡುವಾಗ ಒಂದು ಸಣ್ಣ ಪಂಪೂ ತಿರುಗುತ್ತಿರುತ್ತದೆ. ಅದು ತಳದ ಎಣ್ಣೆಯನ್ನು ಜಾಲರಿಯ ಮೂಲಕ ಹೀರಿ ಮುಂದಕ್ಕೆ ತಳ್ಳುತ್ತದೆ. ನೀವು ಲಿವರ್ ಮೇಲೆತ್ತಿದಾಗ ವಾಲ್ವ್ ಆ ಎಣ್ಣೆಯನ್ನು ಸಿಲಿಂಡರಿಗೆ ಬಿಡುತ್ತದೆ. ಅಲ್ಲಿ ಪಿಸ್ಟನ್ ಸರಿದು, ಲಿಫ್ಟ್ ಆರ್ಮ್ ಎದ್ದು, ನೇಗಿಲು ನೆಲ ಬಿಡುತ್ತದೆ. ಮುಚ್ಚಿದ ಜಾಗದಲ್ಲಿ ದ್ರವವನ್ನು ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ ಎಂದು 17ನೇ ಶತಮಾನದಲ್ಲೇ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ತೋರಿಸಿಕೊಟ್ಟಿದ್ದ. ನಿಮ್ಮ ಟ್ರ್ಯಾಕ್ಟರಿನ ಹಿಂದಿನ ಟೈರಿನಲ್ಲಿ ಒಂದು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ ಇರುತ್ತದೆ. ಹೈಡ್ರಾಲಿಕ್ ಎಣ್ಣೆಯಲ್ಲಿ ಅದು 150ರಿಂದ 200 ಕಿಲೋ ತನಕ ಏರುತ್ತದೆ. ಪಿಸ್ಟನ್ನಿನ ಮುಖ 60 ಚದರ ಸೆಂಟಿಮೀಟರ್ ಇದೆ ಎಂದಿಟ್ಟುಕೊಳ್ಳಿ. 150 ಕಿಲೋ ಒತ್ತಡಕ್ಕೆ ಅದರ ಮೇಲೆ ಬೀಳುವ ಬಲ 9,000 ಕಿಲೋ! ಉದ್ದನೆಯ ತೋಳುಗಳನ್ನು ದಾಟಿ ಲಿಂಕಿನ ತುದಿ ಮುಟ್ಟುವ ಹೊತ್ತಿಗೆ ಈ ಬಲ ಕಡಿಮೆಯಾಗಿರುತ್ತದೆ, ಆದರೂ ಟನ್ನುಗಟ್ಟಲೆ ಭಾರ ಎತ್ತುವಷ್ಟು ಉಳಿದಿರುತ್ತದೆ.

ಇನ್ನೊಂದು ಮಾತು ನೆನಪಿಡಿ. ಎಣ್ಣೆ ಮೇಲಕ್ಕೆ ಮಾತ್ರ ತಳ್ಳುತ್ತದೆ. ಇಳಿಯುವುದು ಸಲಕರಣೆಯ ಸ್ವಂತ ಭಾರದಿಂದ. ಎತ್ತಿದ ರೋಟಾವೇಟರನ್ನು ಮೇಲೆ ಹಿಡಿದಿರುವುದು ಸಿಲಿಂಡರಿನೊಳಗೆ ಸಿಕ್ಕಿಬಿದ್ದ ಸ್ವಲ್ಪ ಎಣ್ಣೆ ಮತ್ತು ಅದನ್ನು ಕಾಯುವ ಒಂದು ರಬ್ಬರ್ ಸೀಲ್, ಅಷ್ಟೇ. ನಾನು ಮುಂದೆ ಹೇಳುವ ಬುದ್ಧಿಮಾತೆಲ್ಲ ಇದರಿಂದಲೇ ಹುಟ್ಟಿದ್ದು.

ಮೊದಲು ಎಣ್ಣೆ ಚೊಕ್ಕಟವಾಗಿರಲಿ. ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಹೈಡ್ರಾಲಿಕ್ ಮೂರಕ್ಕೂ ಒಂದೇ ಎಣ್ಣೆ. ಗದ್ದೆಯಲ್ಲಿ ಕೇಜ್ ವೀಲ್ ಹಾಕಿ ಕೆಸರು ಮಾಡುವಾಗ ಸವೆದ ಆಕ್ಸಲ್ ಸೀಲಿನಿಂದಲೋ ಹರಿದ ರಬ್ಬರ್ ಬೂಟಿನಿಂದಲೋ ನೀರು ಒಳಗೆ ಇಳಿಯುತ್ತದೆ. ನಾಟಿ ಮುಗಿದ ಮೇಲೆ ಡಿಪ್‌ಸ್ಟಿಕ್ ಎಳೆದು ನೋಡಿ. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ. "ಈ ಹಂಗಾಮು ಮುಗಿಯಲಿ" ಅಂತ ಮುಂದೂಡಬೇಡಿ. ಆ ನೀರು ಪಂಪು, ಬೇರಿಂಗು, ಗೇರು ಎಲ್ಲಕ್ಕೂ ತುಕ್ಕು ಹಿಡಿಸುತ್ತದೆ. ನೊರೆ ಕಂಡರೆ ಎಣ್ಣೆ ಕಡಿಮೆಯಾಗಿದೆ, ಇಲ್ಲವೇ ಪಂಪು ಹೀರುವ ಕಡೆ ಎಲ್ಲೋ ಗಾಳಿ ಎಳೆಯುತ್ತಿದೆ. ಪಂಪು ಕೀರಲು ದನಿಯಲ್ಲಿ ಅಳುತ್ತಿದ್ದರೆ ಜಾಲರಿ ಕಟ್ಟಿಕೊಂಡಿರಬಹುದು.

ಎಣ್ಣೆಯ ಮಟ್ಟ ನೋಡುವುದಕ್ಕೂ ಕ್ರಮ ಇದೆ. ಸಮನೆಲದಲ್ಲಿ ನಿಲ್ಲಿಸಿ, ಸಲಕರಣೆ ಪೂರ್ತಿ ಇಳಿಸಿ, ಎಂಜಿನ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ನೋಡಿ. ಲಿಫ್ಟ್ ಎತ್ತಿಟ್ಟು ನೋಡಿದರೆ ಸಿಲಿಂಡರಿನಲ್ಲಿರುವ ಎಣ್ಣೆ ಲೆಕ್ಕಕ್ಕೆ ಸಿಗುವುದಿಲ್ಲ. ಕಡಿಮೆ ಇದೆ ಅಂದುಕೊಂಡು ಹೆಚ್ಚಿಗೆ ಸುರಿದುಬಿಡುತ್ತೀರಿ. ಯಾವ ಎಣ್ಣೆ, ಎಷ್ಟು ಗಂಟೆಗೆ ಬದಲಾವಣೆ ಎಂಬುದು ಕಂಪನಿ ಕೊಟ್ಟ ಪುಸ್ತಕದಲ್ಲೇ ಇದೆ. ಅದನ್ನು ಸೀಟಿನ ಕೆಳಗೆ ತುರುಕಿ ಮರೆಯಬೇಡಿ. ಎಂಜಿನ್ನಿನಿಂದ ತೆಗೆದ ಹಳೇ ಆಯಿಲ್ ದಂಡವಾಗಬಾರದು ಅಂತ ಇದಕ್ಕೆ ಸುರಿಯುವವರಿದ್ದಾರೆ, ಅಂಥ ಉಳಿತಾಯ ಯಾರಿಗೂ ಬೇಡ. ಪೇಟೆಯ ಬಿಡಿ ಎಣ್ಣೆಯದೂ ಅದೇ ಕಥೆ. ಕಾಸಿಗೆ ತಕ್ಕ ಕಜ್ಜಾಯ. ಎಣ್ಣೆ ಹಾಕುವ ಮೊದಲು ಮುಚ್ಚಳದ ಸುತ್ತಲಿನ ಮಣ್ಣು ಒರೆಸಿ. ವಾಲ್ವಿನ ಸಂದು ಕೂದಲೆಳೆಗಿಂತ ಕಿರಿದು, ಅಲ್ಲಿ ಒಂದು ಮರಳಿನ ಕಣವೂ ಗೀರು ಹಾಕುತ್ತದೆ. ಟಿಪ್ಪಿಂಗ್ ಟ್ರೇಲರಿನ ಪೈಪ್ ಸಿಕ್ಕಿಸುವಾಗಲೂ ಎರಡೂ ತುದಿ ಒರೆಸಿ, ಬಿಚ್ಚಿದ ಮೇಲೆ ಮುಚ್ಚಳ ಹಾಕಿ. ಬಿಚ್ಚಿದ ಪೈಪು ಧೂಳಿನಲ್ಲಿ ಎಳೆದಾಡುತ್ತಿರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ನೆರೆಯವರ ಟ್ರೇಲರ್ ಕಟ್ಟಿದರೆ ಅವರ ಎಣ್ಣೆ, ಅವರ ಕೊಳೆ ಎರಡೂ ನಿಮ್ಮ ಪಂಪಿಗೇ ಬರುತ್ತವೆ.

ಈಗ ಲಿಫ್ಟಿನ ಎರಡು ಲಿವರುಗಳ ವಿಷಯ. ಎಷ್ಟೋ ಜನ ಒಂದನ್ನೇ ಹಿಡಿದು ವರ್ಷಗಟ್ಟಲೆ ಉಳುತ್ತಾರೆ, ಇನ್ನೊಂದು ಯಾಕಿದೆ ಅಂತ ಕೇಳುವುದೂ ಇಲ್ಲ. ಅದರ ಹಿಂದೆ ಜೀವ ಉಳಿಸಿದ ಕಥೆ ಇದೆ. ಮೊದಲೆಲ್ಲ ನೇಗಿಲನ್ನು ಟ್ರ್ಯಾಕ್ಟರಿನ ಹಿಂದೆ ಸುಮ್ಮನೆ ಕೊಂಡಿ ಹಾಕಿ ಎಳೆಯುತ್ತಿದ್ದರು. ನೇಗಿಲು ಬಂಡೆಗೆ ಸಿಕ್ಕಿದರೆ ಟ್ರ್ಯಾಕ್ಟರಿನ ಮೂತಿ ಎದ್ದು, ಅದು ಹಿಮ್ಮಗುಚಿ ಚಾಲಕನ ಮೇಲೇ ಬೀಳುತ್ತಿತ್ತು. ಐರ್ಲೆಂಡಿನ ಹ್ಯಾರಿ ಫರ್ಗುಸನ್ ಮೂರು ಕೊಂಡಿಗಳ ಜೋಡಣೆಯನ್ನೂ ಹೈಡ್ರಾಲಿಕ್ಕನ್ನೂ ಕೂಡಿಸಿ ಇದಕ್ಕೆ ಪರಿಹಾರ ಕಂಡುಹಿಡಿದ. 1939ರಲ್ಲಿ ಫೋರ್ಡ್ ಕಂಪನಿಯ 9ಎನ್ ಟ್ರ್ಯಾಕ್ಟರಿನೊಂದಿಗೆ ಆ ಏರ್ಪಾಡು ಅಮೆರಿಕದ ಹೊಲಗಳಿಗೆ ಹರಡಿತು. ಇಂದು ನಿಮ್ಮ ಟ್ರ್ಯಾಕ್ಟರಿನ ಹಿಂದೆ ಇರುವುದು ಅದೇ ಜೋಡಣೆ.

ನೇಗಿಲು ಗಟ್ಟಿ ನೆಲಕ್ಕೆ ಸಿಕ್ಕಿದಾಗ ಅದರ ಮೇಲ್ಭಾಗ ಮುಂದಕ್ಕೆ ವಾಲಿ, ಮೂರು ಕೊಂಡಿಗಳಲ್ಲಿ ಮೇಲಿನದಾದ ಟಾಪ್ ಲಿಂಕನ್ನು ಒತ್ತುತ್ತದೆ. ಟಾಪ್ ಲಿಂಕಿನ ಬುಡದ ಸ್ಪ್ರಿಂಗ್ ಆ ಒತ್ತನ್ನು ವಾಲ್ವಿಗೆ ಮುಟ್ಟಿಸುತ್ತದೆ. ಲಿಫ್ಟ್ ತಾನಾಗಿ ಸ್ವಲ್ಪ ಏಳುತ್ತದೆ, ನೆಲ ಸಡಿಲವಾದೊಡನೆ ಮತ್ತೆ ಇಳಿಯುತ್ತದೆ. ಹಿಂದಿನ ಗಾಲಿಯ ಮೇಲೆ ಭಾರ ಬೀಳುವುದರಿಂದ ಅದು ಜಾರುವುದೂ ಕಡಿಮೆ, ಡೀಸೆಲ್ಲೂ ಉಳಿಯುತ್ತದೆ. ಇದೇ ಡ್ರಾಫ್ಟ್ ಕಂಟ್ರೋಲ್, ಒಂದು ಲಿವರಿನ ಕೆಲಸ. ನೇಗಿಲಿಗೆ, ಕಲ್ಟಿವೇಟರಿಗೆ, ಅದರಲ್ಲೂ ಒಂದು ಕಡೆ ಗಟ್ಟಿ ಒಂದು ಕಡೆ ಮೆತ್ತಗಿರುವ ಹೊಲಕ್ಕೆ, ಇದನ್ನೇ ಬಳಸಿ. ಎರಡನೇ ಲಿವರಿನ ಪೊಸಿಷನ್ ಕಂಟ್ರೋಲ್ ಸಲಕರಣೆಯನ್ನು ನೀವಿಟ್ಟ ಎತ್ತರದಲ್ಲೇ ನಿಲ್ಲಿಸುತ್ತದೆ. ರೋಟಾವೇಟರ್, ಸ್ಪ್ರೇಯರ್, ಗುಂಡಿ ತೋಡುವ ಯಂತ್ರಕ್ಕೆ ಅದು ಸರಿ. ಬದುವಿನ ಹತ್ತಿರ ತಿರುಗಿಸುವ ಮೊದಲು ನೇಗಿಲು ಎತ್ತಿಬಿಡಿ. ಮಣ್ಣಲ್ಲೇ ಇಟ್ಟುಕೊಂಡು ಹೊರಳಿಸಿದರೆ ಕೆಳಗಿನ ಲಿಂಕುಗಳು ಬಾಗುತ್ತವೆ.

ಭಾರ ಮಿತಿ ಮೀರಿದರೆ ರಿಲೀಫ್ ವಾಲ್ವ್ ತೆರೆದು ಚೀರುತ್ತದೆ. ಆ ಚೀರಾಟ ಕೇಳಿದೊಡನೆ ಲಿವರ್ ಇಳಿಸಿ. ಇನ್ನಷ್ಟು ಎತ್ತಲಿ ಎಂದು ಅದರ ಸ್ಕ್ರೂ ಬಿಗಿಸುವ ಬುದ್ಧಿವಂತಿಕೆ ಖಂಡಿತ ಬೇಡ. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಸೀಲ್ ಹೇಗಿದೆ ಅಂತ ತಿಳಿಯಬೇಕೇ? ಭಾರ ಎತ್ತಿ ಎಂಜಿನ್ ಆರಿಸಿ ದೂರ ನಿಂತು ನೋಡಿ. ಬೇಗ ಬೇಗ ಕೆಳಗಿಳಿದರೆ, ಅಥವಾ ಎಂಜಿನ್ ಓಡುವಾಗ ತಲೆ ಅಲ್ಲಾಡಿಸಿದ ಹಾಗೆ ಏರಿಳಿದರೆ, ಒಳಗೆಲ್ಲೋ ಸೋರಿಕೆಯಿದೆ. ಮಳೆಗಾಲಕ್ಕೆ ಮುಂಚೆ ಬಿಚ್ಚಿಸಿ.

ಇನ್ನು ಜೀವದ ಮಾತು, ಇದರಲ್ಲಿ ನನ್ನದು ಹಠವೇ ಅಂದುಕೊಳ್ಳಿ. ಎತ್ತಿದ ಸಲಕರಣೆಯ ಕೆಳಗೆ ಬ್ಲೇಡ್ ಬದಲಿಸಲು, ಸುತ್ತಿದ ಬಳ್ಳಿ ಬಿಡಿಸಲು ತೂರಬೇಡಿ. ಒಳಗೆ ಹೋಗಲೇಬೇಕೆಂದರೆ ಎಂಜಿನ್ ಆರಿಸಿ, ಗಟ್ಟಿ ಮರದ ದಿಮ್ಮಿ ಕೊಟ್ಟು ಹೋಗಿ. ಮಗು ಸೀಟಿಗೆ ಹತ್ತಿ ಲಿವರ್ ಎಳೆದರೆ ಎಂಜಿನ್ ಆರಿದ್ದರೂ ಅದು ಇಳಿಯುತ್ತದೆ. ಹಾಗಾಗಿ ನಿಲ್ಲಿಸುವಾಗ ನೆಲಕ್ಕೇ ಇಳಿಸಿ ಬನ್ನಿ. ಟ್ರೇಲರಿನ ತೊಟ್ಟಿ ಎತ್ತಿದಾಗಲೂ ಇದೇ ನಿಯಮ, ಜೊತೆಗೆ ಮೇಲೆ ಕರೆಂಟಿನ ತಂತಿ ಹಾದಿದೆಯಾ ಅಂತ ಮೊದಲು ನೋಡಿ. ಕೆಸರಿನಲ್ಲಿ ಹೂತ ಗಾಡಿ ಎಳೆಯಲು ಟಾಪ್ ಲಿಂಕಿನ ಜಾಗಕ್ಕೆ ಸರಪಳಿ ಕಟ್ಟಬೇಡಿ. ಅಷ್ಟು ಎತ್ತರದಿಂದ ಎಳೆದರೆ ಟ್ರ್ಯಾಕ್ಟರ್ ಹಿಮ್ಮಗುಚುತ್ತದೆ. ಕೆಳಗಿನ ಕೊಕ್ಕೆಗೇ ಕಟ್ಟಿ.

ಪೈಪಿನಲ್ಲಿ ಸಣ್ಣ ತೂತಾಗಿ ಎಣ್ಣೆ ಚಿಮ್ಮುತ್ತಿದ್ದರೆ ಬೆರಳಿಟ್ಟು ಹುಡುಕಬೇಡಿ. ಆ ಒತ್ತಡದ ಎಣ್ಣೆ ಚರ್ಮವನ್ನು ಸೂಜಿಯಂತೆ ಚುಚ್ಚಿ ಒಳಗೆ ಹೋಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ, ಕಲೆ ಬಿದ್ದ ಕಡೆ ಸೋರಿಕೆ ಇದೆ. ಬಿಗಿ ಮಾಡುವ ಮೊದಲು ಎಂಜಿನ್ ಆರಿಸಿ, ಲಿಫ್ಟ್ ಇಳಿಸಿ, ಲಿವರ್ ಆಡಿಸಿ ಒತ್ತಡ ತೆಗೆಯಿರಿ. ಅಕಸ್ಮಾತ್ ಕೈಗೆ ಚುಚ್ಚಿತೆಂದರೆ ಗಾಯ ಮುಳ್ಳು ಚುಚ್ಚಿದಷ್ಟೇ ಕಾಣುತ್ತದೆ, ಮೊದಮೊದಲು ನೋವೂ ಹೆಚ್ಚಿರುವುದಿಲ್ಲ. ಅದನ್ನು ನಂಬಿ ಅರಿಶಿನ ಹಚ್ಚಿಕೊಂಡು ಮಲಗಬೇಡಿ. ಒಳಗೆ ಹೊಕ್ಕ ಎಣ್ಣೆ ಮಾಂಸವನ್ನು ಕೊಳೆಸುತ್ತದೆ, ತಡವಾದರೆ ಬೆರಳನ್ನೇ ತೆಗೆಯಬೇಕಾಗಬಹುದು. ಆಗಲೇ ಶಸ್ತ್ರಚಿಕಿತ್ಸೆ ಮಾಡುವ ದೊಡ್ಡ ಆಸ್ಪತ್ರೆಗೆ ಹೋಗಿ, "ಹೈಡ್ರಾಲಿಕ್ ಎಣ್ಣೆ ಒತ್ತಡದಲ್ಲಿ ಒಳಗೆ ಹೋಗಿದೆ" ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.