ಜಾಲತಾಣಗಳಿಗೆ ಗೂಢಲಿಪಿಯ ರಕ್ಷಣೆ

ಎಚ್‌ಟಿಟಿಪಿ ಎಂಬ ಹಳೆಯ ಪದ್ಧತಿಯಲ್ಲಿ ಜಾಲತಾಣಕ್ಕೆ ನಾವು ಕಳುಹಿಸುವ ಮಾಹಿತಿಯು ಅಂಚೆ ಕಾರ್ಡಿನ ಬರಹದಂತೆ ತೆರೆದೇ ಸಾಗುತ್ತದೆ. ರೈಲು ನಿಲ್ದಾಣದ ಸಾರ್ವಜನಿಕ ವೈಫೈಯಲ್ಲಿ ಹೊಂಚು ಹಾಕಿದವನು ನಮ್ಮ ಪಾಸ್‌ವರ್ಡನ್ನು ಓದಬಲ್ಲನು. ನಮ್ಮ ಕಣ್ಣೆದುರಿನ ಪುಟವನ್ನು ತಿದ್ದಲೂ ಬಲ್ಲನು. ಈ ಎರಡನೆಯ ಅಪಾಯವನ್ನು ಗಮನಿಸುವವರು ವಿರಳ. ಯಾವ ಪಾಸ್‌ವರ್ಡನ್ನೂ ಕೇಳದ, ಕೇವಲ ಓದಲೆಂದು ಇರುವ ತಾಣಕ್ಕೂ ರಕ್ಷಣೆ ಅವಶ್ಯವಾಗುವುದು ಇದರಿಂದಲೇ.

ಎಚ್‌ಟಿಟಿಪಿಎಸ್ ಪದ್ಧತಿಯಲ್ಲಿ ತಾಣವು ತನ್ನ ಪ್ರಮಾಣಪತ್ರವನ್ನು ಬ್ರೌಸರಿಗೆ ತೋರಿಸುತ್ತದೆ. ಬಳಿಕ ಎರಡೂ ಕಡೆಯವು ಆ ಸಂಪರ್ಕಕ್ಕಷ್ಟೇ ಸಲ್ಲುವ ರಹಸ್ಯ ಕೀಲಿಗಳನ್ನು ಏರ್ಪಡಿಸಿಕೊಂಡು ಗೂಢಲಿಪಿಯಲ್ಲಿ ವ್ಯವಹರಿಸುತ್ತವೆ. ಪ್ರಮಾಣಪತ್ರದ ವೆಚ್ಚವು ಹಿಂದೆ ಸಣ್ಣ ಸಂಸ್ಥೆಗಳಿಗೆ ಅಡಚಣೆಯಾಗಿದ್ದುದು ನಿಜ. 2015ರಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಅದನ್ನು ಉಚಿತವಾಗಿ ನೀಡತೊಡಗಿದ ಮೇಲೆ ಆ ನೆಪವೂ ಉಳಿಯಲಿಲ್ಲ. 2018ರ ಜುಲೈಯಲ್ಲಿ ಕ್ರೋಮ್ ಬ್ರೌಸರ್ ಹಳೆಯ ಪದ್ಧತಿಯ ತಾಣಗಳನ್ನೆಲ್ಲ ‘ಸುರಕ್ಷಿತವಲ್ಲ’ ಎಂದು ಗುರುತಿಸಲು ಆರಂಭಿಸಿತು. ತಾಣ ನಡೆಸುವವರು ಹಳೆಯ ವಿಳಾಸಕ್ಕೆ ಬಂದವರು ತಾವಾಗಿಯೇ ಹೊಸದಕ್ಕೆ ತಲಪುವಂತೆ ಏರ್ಪಾಡು ಮಾಡಬೇಕು. ಪ್ರಮಾಣಪತ್ರವನ್ನು ಅವಧಿ ಮುಗಿಯುವ ಮುನ್ನ ನವೀಕರಿಸಬೇಕು.

ಆದರೆ ಈ ರಕ್ಷಣೆ ದಾರಿಗೆ ಮಾತ್ರ. ಸಾಮಾನ್ಯ ಪ್ರಮಾಣಪತ್ರವು ದೃಢಪಡಿಸುವುದು ವಿಳಾಸವು ಯಾರ ಹತೋಟಿಯಲ್ಲಿದೆ ಎಂಬುದನ್ನೇ ಹೊರತು ಅವರ ಪ್ರಾಮಾಣಿಕತೆಯನ್ನಲ್ಲ. ಬ್ಯಾಂಕಿನ ಹೆಸರಿನಲ್ಲಿ ಒಂದಕ್ಷರ ಬದಲಿಸಿ ನಕಲಿ ತಾಣ ತೆರೆದ ವಂಚಕನಿಗೂ ಅದು ದೊರೆಯಬಲ್ಲದು. ಆದುದರಿಂದ ಪಾಸ್‌ವರ್ಡ್ ಕೊಡುವ ಮೊದಲು ವಿಳಾಸದ ಪ್ರತಿಯೊಂದು ಅಕ್ಷರವನ್ನೂ ಓದಿ ನೋಡತಕ್ಕದ್ದು.