ಗಿಟಾರ್ ಪ್ಲಾಸ್ಟಿಕ್ಕಿನದು, ಕಂತು ನಿಜದ್ದು

ಬೆಂಗಳೂರಿನ ಪಬ್‌ಗಳಲ್ಲಿ ಶುಕ್ರವಾರ, ಶನಿವಾರ ಡಿಜೆಗಳ ಪಾಲು. ನಮ್ಮಂಥವರಿಗೆ ಸಿಗುವುದು ಮಂಗಳವಾರ, ಬುಧವಾರ. ಪ್ಲಾಸ್ಟಿಕ್ ಗಿಟಾರ್, ಡ್ರಮ್, ಮೈಕು, ಕನ್ಸೋಲ್ ಹೊತ್ತುಕೊಂಡು ಹೋಗಿ ಗಿರಾಕಿಗಳಿಗೆ 'ರಾಕ್ ಬ್ಯಾಂಡ್ 4' ಎಂಬ ವಿಡಿಯೊ ಗೇಮ್ ಆಡಿಸಿದರೆ ರಾತ್ರಿಗೆ ಆರು ಸಾವಿರ. ಪ್ರೊಜೆಕ್ಟರ್, ಸ್ಪೀಕರ್ ಸೇರಿ ಈ ಸಾಮಾನಿಗೆಲ್ಲ 2022ರಲ್ಲಿ ಮೂರು ಲಕ್ಷ ಸಾಲ ತೆಗೆದೆ. ಬಡ್ಡಿ 12 ಪರ್ಸೆಂಟ್ ಫ್ಲ್ಯಾಟ್, ಅವಧಿ ಮೂರು ವರ್ಷ. ಬ್ಯಾಂಕು 16 ಅಂದಿತ್ತು, ರೆಡ್ಯೂಸಿಂಗ್, ಅಂದರೆ ಬಾಕಿ ಉಳಿದ ಅಸಲಿಗಷ್ಟೇ ಬಡ್ಡಿ. ಹದಿನಾರಕ್ಕಿಂತ ಹನ್ನೆರಡು ಕಡಿಮೆಯಲ್ಲವೇ?

ಲೆಕ್ಕ ಹಾಕಿ. ವರ್ಷಕ್ಕೆ ಬಡ್ಡಿ 36,000, ಮೂರು ವರ್ಷಕ್ಕೆ 1,08,000. ಒಟ್ಟು 4,08,000 ರೂಪಾಯಿಯನ್ನು 36 ಕಂತಿಗೆ ಹಂಚಿದರೆ 11,333. ಅದರಲ್ಲಿ ಅಸಲು 8,333, ಬಡ್ಡಿ 3,000. ಮೊದಲ ತಿಂಗಳು ಮೂರು ಲಕ್ಷವೂ ನಿಮ್ಮ ಕೈಲಿರುತ್ತದೆ, 3,000 ಕೊಡುವುದು ನ್ಯಾಯ. ಅರ್ಧ ಕಂತು ಮುಗಿದಾಗ ಬಾಕಿ ಅಸಲು ಒಂದೂವರೆ ಲಕ್ಷ, ಬಡ್ಡಿ ಮಾತ್ರ ಆಗಲೂ 3,000. ಕೊನೆಯ ತಿಂಗಳು ಉಳಿದಿರುವುದು ಬರೀ 8,333. ಅದಕ್ಕೂ ಒಂದೇ ತಿಂಗಳಿಗೆ 3,000! ಮೀಟರ್ ಬಡ್ಡಿಯವನೂ ಇಷ್ಟು ಕೇಳಲು ಒಂದು ಸಲ ಹಿಂದೆಮುಂದೆ ನೋಡಿಯಾನು. ಇದನ್ನು ರೆಡ್ಯೂಸಿಂಗ್‌ಗೆ ತಿರುಗಿಸಿದರೆ ದರ 21 ಪರ್ಸೆಂಟ್ ದಾಟುತ್ತದೆ. ಬ್ಯಾಂಕಿನ 16ಕ್ಕೆ ಕಂತು 10,550ರ ಆಸುಪಾಸು. ಅವಧಿ ಮುಗಿಯುವಷ್ಟರಲ್ಲಿ 28,000 ರೂಪಾಯಿ ಉಳಿಯುತ್ತಿತ್ತು. ಫ್ಲ್ಯಾಟ್ ರೇಟಿನ ಮೇಲೆ ನನಗೆ ಒಂದಿಷ್ಟೂ ಗೌರವವಿಲ್ಲ. ಮೊನ್ನೆ ಏಜೆಂಟ್ ಫೋನ್ ಮಾಡಿ, "ಸರ್, ನಿಮಗೆ ಟಾಪ್‌ಅಪ್ ಅಪ್ರೂವ್ ಆಗಿದೆ, ಬರೀ 11 ಪರ್ಸೆಂಟ್" ಎಂದ. ಫ್ಲ್ಯಾಟೋ ರೆಡ್ಯೂಸಿಂಗೋ ಎಂದು ಕೇಳಿದೆ. "ಮ್ಯಾನೇಜರ್ ಹತ್ರ ಕೇಳಿ ಹೇಳ್ತೀನಿ ಸರ್." ಇನ್ನೂ ಹೇಳಿಲ್ಲ.

ವಾರಕ್ಕೊಂದು ರಾತ್ರಿ ಎಂದರೆ ತಿಂಗಳಿಗೆ 24,000. ಆಟೊ ಬಾಡಿಗೆ, ಜೊತೆಗೆ ಬರುವ ಹುಡುಗನ ಕೂಲಿ, ಕುಡಿದವರು ತುಳಿದು ಮುರಿಯುವ ಡ್ರಮ್ ಪೆಡಲು ಕಳೆದರೆ ಅರ್ಧ ಉಳಿಯುತ್ತದೆ, ಅದು ಕಂತಿಗೇ ಸರಿ. ಐಪಿಎಲ್ ಶುರುವಾದರೆ ಪರದೆಗಳೆಲ್ಲ ಕ್ರಿಕೆಟ್ಟಿಗೆ, ನಮಗೆ ರಜೆ. ಚುನಾವಣೆ ಬಂದರೆ ಮತದಾನ ಮುಗಿಯುವವರೆಗಿನ 48 ಗಂಟೆ ಪಬ್ಬಿಗೇ ಬೀಗ. ಕಂತಿಗೆ ಮಾತ್ರ ರಜೆ ಇಲ್ಲ. ಅತ್ತ ಈ ಆಟ ತಯಾರಿಸಿದ ಹಾರ್ಮೊನಿಕ್ಸ್ ಕಂಪನಿ 2024ರ ಜನವರಿಯಲ್ಲಿ ಅದಕ್ಕೆ ಹೊಸ ಹಾಡು ಬಿಡುವುದನ್ನೇ ನಿಲ್ಲಿಸಿತು. ನನ್ನ ಸಾಲ 2025ರವರೆಗೂ ನಡೆಯಿತು. ಇನ್ನು ಲೈಸೆನ್ಸು. ಹಾಡು ನುಡಿಸಲು ಪಬ್ ಪಿಪಿಎಲ್, ಐಪಿಆರ್‌ಎಸ್ ಲೈಸೆನ್ಸ್ ಕಟ್ಟಿರಬಹುದು, ಆದರೆ ಅದು ಹಾಡಿಗೆ. ಮನೆ ಬಳಕೆಗೆಂದು ಮಾರಿದ ಆಟಕ್ಕಲ್ಲ. ಇದನ್ನು ಪಬ್ಬಿನವರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

ಆಮೇಲೆ ಕರೋಕೆಗೆ ಇಳಿದೆ. ಲ್ಯಾಪ್‌ಟಾಪು, ಎರಡು ಮೈಕು ಸಾಕು, ರಾಜ್‌ಕುಮಾರ್ ಹಾಡು ಹಾಕಿದರೆ ಇಡೀ ಟೇಬಲ್ ಎದ್ದು ನಿಲ್ಲುತ್ತದೆ. ಅದೇ ಆರು ಸಾವಿರ. ಹೊಸ ಪರದೆ ಸಿಕ್ಕಾಗಲೆಲ್ಲ ಸದ್ದನ್ನು ಚಿತ್ರಕ್ಕೆ ಹೊಂದಿಸುತ್ತಾ ಅರ್ಧ ಗಂಟೆ ಕೂರುವ ಕರ್ಮವಿಲ್ಲ. ರಾಕ್ ಬ್ಯಾಂಡೇ ಬೇಕು ಅನ್ನುವವರು ಸೆಟ್ಟನ್ನು ರಾತ್ರಿ ಲೆಕ್ಕದಲ್ಲಿ ಬಾಡಿಗೆಗೆ ತರಲಿ.

ಇನ್ನೊಂದು ಮಾತು. ಸಂಭಾವನೆಯ ಬದಲು ಬಿಯರ್ ಪಿಚರ್ ತಗೊಳ್ಳಿ ಎಂದರೆ ಒಪ್ಪಬೇಡಿ. ಆಡಿಸುವವರು ಕೆಲಸದ ಹೊತ್ತಲ್ಲಿ ಕುಡಿಯಲೇಬಾರದು. ಎರಡು ಗ್ಲಾಸ್ ಹೋದಮೇಲೆ ಬಿಲ್ ಕೇಳಲು ನಾಚಿಕೆಯಾಗುತ್ತದೆ. ವೈರು ಸುತ್ತುವ ಮೊದಲೇ ಬಿಲ್ ಕಳಿಸಿ, ಯುಪಿಐಗೆ ಪ್ರತ್ಯೇಕ ಖಾತೆ ಇಡಿ. ಪಬ್ ಮ್ಯಾನೇಜರ್‌ಗಳು ಬೇಗ ಬೇಗ ಕೆಲಸ ಬದಲಿಸುತ್ತಾರೆ, ಹೊಸಬರ ಪುಸ್ತಕದಲ್ಲಿ ನಿಮ್ಮ ಹಳೆ ಬಾಕಿ ಇರುವುದಿಲ್ಲ.